ಬಸಿದ ನೀರು, ಉಳಿದ ಕಾಳು

ನನ್ನ ಹೊಟ್ಟೆಯ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದ ಮರುದಿನ ನಮ್ಮವ್ವ ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ: “ಆ ತೆಗೆದಿದ್ದು ಎಲ್ಲೈತೆ ಸಾರ್?”

ಡಾಕ್ಟರು ನಕ್ಕರು. ಅವ್ವ ನಗಲಿಲ್ಲ. ನಲವತ್ತೆರಡು ವರ್ಷ ತಾನು ಕೈಯಾರೆ ತುಂಬಿಸಿದ ಹೊಟ್ಟೆ ಅದು, ಒಂದು ಸಲ ಕಣ್ಣಿಗೂ ತೋರಿಸದೆ ಕಸಕ್ಕೆ ಹಾಕಿಬಿಟ್ಟರಲ್ಲ ಎನ್ನುವುದು ಅವಳ ತಕರಾರು. ಆಸ್ಪತ್ರೆಯಿಂದ ಮನೆಗೆ ಬರುವ ಆಟೋದಲ್ಲಿ ಅದನ್ನೇ ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳಿದ್ದು ಆಟೋದವನಿಗೆ. ಅವನು “ಕಿಡ್ನಿ ಎರಡೂ ಇದೆಯಾ ನೋಡ್ಕೊಂಡ್ರಾ ಅಮ್ಮಾ?” ಎಂದು ಕೇಳಿ ಬೆಂಕಿಗೆ ತುಪ್ಪ ಸುರಿದ. ಮನೆ ಮುಟ್ಟುವವರೆಗೂ ನಾನು ಎರಡು ಪಕ್ಕೆಗಳನ್ನೂ ಹಿಡಿದುಕೊಂಡು ಕೂತಿದ್ದೆ, ನಗು ಬಂದರೆ ಹೊಲಿಗೆ ಎಳೆಯುತ್ತಿತ್ತು.

ನಾನು ಪೀಣ್ಯದಲ್ಲಿ ಯಂತ್ರಗಳಿಗೆ ಗಿಯರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಷನ್ ವಿಭಾಗದವಳು. ಮೆಷಿನ್ನಿನಿಂದ ಬಂದ ಪೀಸುಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. ಅದೇ ಚಾಳಿ ಮನೆಗೂ ಬಂದು, ನನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಒಬ್ಬೊಬ್ಬರಾಗಿ ರಿಜೆಕ್ಟ್ ಮಾಡಿದೆ. ಈಗ ಬಾಗಲಗುಂಟೆಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ಕರುಳಿನ ಕಾಯಿಲೆಯಿಂದ ತೀರಿಕೊಂಡು ಆರು ವರ್ಷವಾಯಿತು. ಕೊನೆಯ ಎಂಟು ತಿಂಗಳು ನರ್ಸೂ ಬೇಡ, ಆಸ್ಪತ್ರೆಯ ಊಟವೂ ಬೇಡ ಎಂದು ಅವ್ವನೇ ಪೂರ್ತಿ ನೋಡಿಕೊಂಡಳು. ಅವಳಿಗೆ ಬದುಕಿನಲ್ಲಿ ಏನಾದರೂ ಹೆಮ್ಮೆಯಿದ್ದರೆ ಅದು ಆ ಎಂಟು ತಿಂಗಳದು. ಬೀದಿಯಲ್ಲಿ ಯಾರು ಕಾಯಿಲೆ ಬಿದ್ದರೂ, “ನಮ್ಮೆಜಮಾನ್ರಿಗೆ ಕೊನೇ ದಿನದ ಗಂಟ ನನ್ ಕೈಯಾಗೇ ಮಾಡಿ ಆಕಿದ್ದೀನಿ” ಎಂದು ಶುರು ಮಾಡುತ್ತಾಳೆ.

ಇನ್ನು ನನ್ನ ತೂಕ. ಅದನ್ನು ಅಂಕಿಯಲ್ಲಿ ಹೇಳುವುದಿಲ್ಲ. ಕಂಪನಿ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾನು ಕೂತರೆ ಪಕ್ಕಕ್ಕೆ ಬರಲು ಯಾರೂ ಯೋಚಿಸುತ್ತಿರಲಿಲ್ಲ ಎಂದರೆ ಸಾಕು. ಮಂಡಿ ಸವೆದಿತ್ತು, ಸಕ್ಕರೆ ಕಾಯಿಲೆ ಏರಿತ್ತು, ತೂಕ ಇಳಿಸಲು ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುವುದೊಂದೇ ದಾರಿ ಎಂದು ಡಾಕ್ಟರು ಹೇಳಿದರು. ಅಳೆಯುವ ಕೆಲಸದವಳಿಗೆ ತನ್ನ ಅಳತೆಯೇ ತಪ್ಪಿದ್ದು ಕಾಣಲಿಲ್ಲವಲ್ಲ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡಿದರು. ನಾನೂ ನಕ್ಕೆ. ಒಳಗೊಳಗೆ ಬೇಜಾರಾಗಿತ್ತು.

ಆಪರೇಷನ್ ಆದಮೇಲೆ ಏನು ತಿನ್ನಬೇಕು ಎಂದು ಹೇಳಲು ಆಸ್ಪತ್ರೆಯಲ್ಲಿ ಧಾರವಾಡದ ಕಡೆಯ ಒಬ್ಬ ಡಯೆಟಿಷಿಯನ್ ಇದ್ದಳು. ವಯಸ್ಸು ಇಪ್ಪತ್ತೈದು ಇರಬಹುದು, ದಬಾಯಿಸುವುದರಲ್ಲಿ ಮಾತ್ರ ಅರವತ್ತು. “ದಿನಕ್ಕ ಅರವತ್ತು ಗ್ರಾಂ ಪ್ರೋಟೀನ್ ಆಗಬೇಕ್ರೀ ಅಕ್ಕಾರ. ಹೊಟ್ಟಿ ಈಗ ಸಣ್ಣದೈತಿ. ಮೊದಲ ಪ್ರೋಟೀನ್ ತಿನ್ರಿ, ಜಾಗಾ ಉಳದ್ರ ಬಾಕಿದ್ದು. ಒಂದೊಂದು ತುತ್ತು ಮೂವತ್ತು ಸಲ ಅಗೀರಿ. ಊಟದ ಜೋಡಿ ನೀರು ಬ್ಯಾಡ.”

ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಅಷ್ಟರಲ್ಲಿ ಒಂದೇ ಮಾತು ಕಿವಿಗೆ ಬಿದ್ದಿತ್ತು. “ಮುದ್ದೇನೂ ಅಗಿಯದಾ?”

“ಮುದ್ದಿ ಈಗ ಬ್ಯಾಡ ಅಜ್ಜಿ. ಮುಂದ ತಿಂದ್ರೂ ಅಗದಾ ತಿನ್ನಬೇಕು.”

ರಾಗಿಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು. ಅಗಿಯುವವನನ್ನು ಅವ್ವ ಬೇರೆ ದೇಶದವನ ಲೆಕ್ಕದಲ್ಲಿ ಇಡುತ್ತಾಳೆ. ಆ ಕ್ಷಣದಿಂದ ಈ ಹುಡುಗಿಯ ವಿದ್ಯೆಯ ಮೇಲೆ ಅವಳಿಗೆ ಇದ್ದಬದ್ದ ನಂಬಿಕೆಯೂ ಹೋಯಿತು.

ಹೊರಗೆ ಬಂದಮೇಲೆ ಕೇಳಿದಳು, “ಅದೇನೆ ಅದು, ಪೋಟೀನು ಪೋಟೀನು ಅಂತ ಬಡ್ಕೊಂಡ್ಲು?”

ನನಗೆ ಸುಸ್ತಾಗಿತ್ತು, ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ. “ಸತ್ವ ಕಣವ್ವ. ಕಾಳಲ್ಲಿರೋ ಸತ್ವ” ಎಂದೆ.

ಅವಳ ಮುಖ ಅರಳಿತು. “ಸತ್ವ ತಾನೆ? ಅದ್ನ ನಂಗ್ ಬುಡು.”

ಬಿಟ್ಟೆ. ಮುಂದಿನದಕ್ಕೆಲ್ಲ ಆ ಒಂದು ಪದವೇ ಕಾರಣ, ಆ ಪದ ಕೊಟ್ಟವಳು ನಾನು.

ನಮ್ಮ ಕಡೆ ಬಸ್ಸಾರು ಅಂತ ಮಾಡುತ್ತಾರೆ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ, ನೀರನ್ನು ಬಸಿಯುತ್ತಾರೆ. ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಮಿಕ್ಕ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಇದು ಎಲ್ಲರ ಮನೆಯ ಅಡುಗೆ. ನಮ್ಮವ್ವನ ಅಡುಗೆಮನೆಯಲ್ಲಿ ಮಾತ್ರ ಇದಕ್ಕೊಂದು ಶಾಸ್ತ್ರವೂ ಇತ್ತು. ಕಾಳನ್ನು ಬೇಯಿಸಿದಾಗ ಅದರ ಸತ್ವವೆಲ್ಲ ನೀರಿಗೆ ಬಿಟ್ಟುಕೊಂಡುಬಿಡುತ್ತದೆ, ಉಳಿಯುವುದು ಬರೀ ಚರಟ ಎಂದು ಅವಳ ನಂಬಿಕೆ. ಹೆಸರೇ ಸಾರು, ಸಾರವೆಲ್ಲ ಅದರಲ್ಲಿರದೆ ಇನ್ನೆಲ್ಲಿರುತ್ತದೆ? ಹಾಗಾಗಿ ಸಾರು ದುಡಿಯುವ ಗಂಡನಿಗೆ, ಬೆಳೆಯುವ ಮಗಳಿಗೆ. ಚರಟ ತನಗೆ. ಕಾರ್ಖಾನೆಯಿಂದ ಬಂದ ಅಪ್ಪನ ತಟ್ಟೆಗೆ ಅವಳು ಸಾರು ಸುರಿಯುತ್ತಿದ್ದ ಧಾರಾಳ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಪಲ್ಯ ಕೇಳಿದರೆ “ಅದ್ರಾಗೇನೈತೆ, ಸಾರು ಆಕ್ಕೊಳ್ರಿ” ಎನ್ನುತ್ತಿದ್ದಳು.

ಈಗಂತೂ ಮಗಳು ರೋಗಿ. ರೋಗಿಗೆ ಇನ್ನೂ ಶುದ್ಧವಾದ ಸತ್ವ ಬೇಕಲ್ಲ? ಎಲ್ಲರೂ ಸಾರಿಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕುತ್ತಾರೆ. ಹೊಟ್ಟೆಗೆ ಭಾರ ಎಂದು ಅವ್ವ ಅದನ್ನೂ ಬಿಟ್ಟಳು. ಬಟ್ಟೆಯಲ್ಲಿ ಸೋಸಿದಳು. ಒಂದು ಬಟ್ಟಲು ತಿಳಿ, ಚಿನ್ನದ ಬಣ್ಣ, ಬೆಳ್ಳುಳ್ಳಿಯ ಘಮ. ಮೊದಲ ಹದಿನೈದು ದಿನ ಬರೀ ನೀರಾಹಾರವೇ ಇದ್ದದ್ದರಿಂದ ಅದು ಸರಿಯಾಗಿಯೇ ಇತ್ತು. ಆಮೇಲೆ ಮೆತ್ತಗೆ ಬೆಂದ ಕಾಳು ತಿನ್ನಬಹುದು ಎಂದರು. ಅವ್ವ ತಿಳಿಯಲ್ಲೇ ನಿಂತಳು. ಮೊಸರು ಶೀತ ಎಂದು ಮಜ್ಜಿಗೆ ಕೊಟ್ಟಳು, ಅದರಲ್ಲೂ ಬೆರಳದ್ದಿದರೆ ಉಗುರು ಕಾಣುತ್ತಿತ್ತು.

ನಾನೇನು ಮಾಡುತ್ತಿದ್ದೆ? ಫೋನಿನಲ್ಲಿ ತಿಂದದ್ದನ್ನೆಲ್ಲ ಬರೆಯುವ ಆಪ್ ಒಂದನ್ನು ಹಾಕಿಕೊಂಡಿದ್ದೆ. ‘ಹುರುಳಿಕಾಳು ಸಾರು, ಒಂದು ಬಟ್ಟಲು’ ಎಂದು ಬರೆದರೆ ಅದು ಕಾಳಿನ ಪ್ರೋಟೀನನ್ನೆಲ್ಲ ಕೂಡಿಸಿ ಹಸಿರು ಗುರುತು ಕೊಡುತ್ತಿತ್ತು. ಬಟ್ಟಲನ್ನು ಮಾತ್ರ ಮಿಲಿಲೀಟರಿಗೆ ಸರಿಯಾಗಿ ಅಳೆಯುತ್ತಿದ್ದೆ. ಬಟ್ಟಲೊಳಗೆ ಕಾಳಿದೆಯೇ ಎಂದು ನೋಡಲಿಲ್ಲ. ಡಯೆಟಿಷಿಯನ್ ಫೋನು ಮಾಡಿ “ಕಾಳ ತಿನ್ನಾಕತ್ತೀರಿಲ್ರೀ?” ಎಂದರೆ, “ದಿನಾ ಎರಡೊತ್ತು, ಮೇಡಂ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ.

ಪ್ರೋಟೀನ್ ಪುಡಿಯೂ ಇತ್ತು. ಇತ್ತು ಎಂದರೆ, ಹತ್ತು ದಿನ ಇತ್ತು. ಡಬ್ಬಿಯ ಮೇಲೆ ಅಂಗಿಯಿಲ್ಲದ ಗಂಡಸೊಬ್ಬ ತೋಳು ಮಡಚಿ ನಿಂತಿದ್ದ. “ಇವನ್ಯಾವನೆ ಬರೀ ಮೈಯಾಗೆ? ದೇವ್ರ ಗೂಡಿಗೆ ಎದ್ರಾಗೇ ನಿಂತವ್ನಲ್ಲ!” ಎಂದು ಅವ್ವ ಅವನ ಮುಖವನ್ನು ಗೋಡೆಗೆ ತಿರುಗಿಸಿಟ್ಟಳು. ಮೊದಲ ದಿನ ಪುಡಿಯನ್ನು ಕುದಿಯುವ ನೀರಿಗೆ ಹಾಕಿದಳು. ಅದು ಗಂಟುಗಂಟಾಗಿ ತೇಲಿತು. “ಆಲು ಒಡ್ದೋಯ್ತು. ಅಂಗ್ಡಿಯೋನು ಮೋಸ ಮಾಡವ್ನೆ” ಎಂದು ಚೆಲ್ಲಿದಳು. ತಣ್ಣೀರಿಗೆ ಹಾಕಬೇಕು ಎಂದು ನಾನು ತೋರಿಸಿಕೊಟ್ಟೆ. ಆದರೆ ಒಂದು ಸಲ ಅವಳ ತಲೆಯಲ್ಲಿ ಅದು ಹಾಲಿನ ಪುಡಿ ಎಂದು ಕೂತಾಗಿತ್ತು.

ಆಗ ನನ್ನನ್ನು ನೋಡಲು ಜನ ಬರುತ್ತಿದ್ದ ಕಾಲ. ರೋಗಿಯನ್ನು ನೋಡಲು ಬರುವವರು ಬ್ರೆಡ್ಡು ತರುವುದು ನಮ್ಮಲ್ಲಿ ರೂಢಿ. ನಾನು ತಿನ್ನಬಾರದ್ದರ ಪಟ್ಟಿಯಲ್ಲಿ ಬ್ರೆಡ್ಡೇ ಮೊದಲು. ಫ್ರಿಜ್ಜಿನ ಮೇಲೆ ಬ್ರೆಡ್ಡಿನದೊಂದು ಗೋಡೆ ಎದ್ದಿತ್ತು. ಬಂದವರಿಗೆ ಕಾಫಿ ಕೊಡಬೇಕಲ್ಲ? ಹಾಲು ಸಾಲದೆ ಬಂದಾಗ ಅವ್ವ ಆ ಡಬ್ಬಿಗೆ ಕೈ ಹಾಕಿ, ಪುಡಿಯನ್ನು ತಣ್ಣೀರಿನಲ್ಲಿ ಕದಡಿ ಹಾಲಿನ ಬದಲು ಬೆರೆಸಿದಳು. ಕಾಫಿ ವೆನಿಲ್ಲಾ ಐಸ್‌ಕ್ರೀಮಿನ ಘಮ ಹೊಡೆಯುತ್ತಿತ್ತಂತೆ. ಮೂರನೇ ಮನೆಯ ಅಕ್ಕ ನನ್ನ ಯೋಗಕ್ಷೇಮ ವಿಚಾರಿಸಲು ಒಂದೇ ವಾರದಲ್ಲಿ ನಾಲ್ಕು ಸಲ ಬಂದರು. ಎಷ್ಟು ಅಕ್ಕರೆ ಇವರಿಗೆ ನನ್ನ ಮೇಲೆ ಎಂದು ಕಣ್ಣು ತುಂಬಿಕೊಂಡಿದ್ದೆ. ಹತ್ತನೆಯ ದಿನ ಡಬ್ಬಿ ಎತ್ತಿದರೆ ಖಾಲಿ. ನನ್ನ ಹೊಟ್ಟೆಗೆ ಹೋಗಿದ್ದು ಲೆಕ್ಕ ಹಾಕಿದರೆ ನಾಲ್ಕು ಚಮಚ. ನಮ್ಮ ಬೀದಿಯ ಹೆಂಗಸರೆಲ್ಲ ಆ ತಿಂಗಳು ಭಾರೀ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು.

ಮೊಟ್ಟೆ ತಿನ್ನಬಾರದಿತ್ತೇ ಎಂದು ನೀವು ಕೇಳಬಹುದು. ನಾವು ಮೊಟ್ಟೆ, ಮಾಂಸ ಎಲ್ಲ ತಿನ್ನುವವರೇ. ಆದರೆ ಆಪರೇಷನ್ನಿನ ಹಿಂದಿನ ದಿನ ಅವ್ವ ಮನೆದೇವರಿಗೆ ಹರಕೆ ಹೊತ್ತಿದ್ದಳು: ಮಗಳು ಹುಷಾರಾಗುವ ತನಕ ಮನೆಮಂದಿ ಮೊಟ್ಟೆ-ಮಾಂಸ ಮುಟ್ಟುವುದಿಲ್ಲ. ಮನೆಮಂದಿ ಎಂದರೆ ಇಬ್ಬರು, ಅದರಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಹರಕೆ ಅವಳದು, ಪಥ್ಯ ನನ್ನದು. ಹುಷಾರಾಗುವ ತನಕ ಮೊಟ್ಟೆ ಇಲ್ಲ, ಮೊಟ್ಟೆ ತಿನ್ನದೆ ಹುಷಾರಾಗುವುದಿಲ್ಲ. ದೇವರಿಗೂ ಇದರಿಂದ ಹೊರಬರುವ ದಾರಿ ಕಂಡಿರಲಾರದು.

ಕೆಲಸಕ್ಕೆ ಮರಳಿದ ಮೇಲೆ ನಾನೇ ದಾರಿ ಮಾಡಿಕೊಂಡೆ. ಕ್ಯಾಂಟೀನಿನಲ್ಲಿ ಬುಧವಾರ ಬೇಯಿಸಿದ ಮೊಟ್ಟೆ ಕೊಡುತ್ತಾರೆ. ಪ್ಯಾಕಿಂಗ್ ವಿಭಾಗದ ಗೆಳತಿಯೊಬ್ಬಳ ಜೊತೆ ಒಪ್ಪಂದವಾಯಿತು: ನನ್ನ ಹಳದಿ ಅವಳಿಗೆ, ಅವಳ ಬಿಳಿ ನನಗೆ. ಎರಡೇ ಬುಧವಾರ ನಡೆಯಿತು. ಎರಡನೆಯ ಬುಧವಾರ ಸಂಜೆ ಟಿಫಿನ್ ಡಬ್ಬಿ ತೊಳೆಯುವಾಗ ಅವ್ವನಿಗೆ ಚಿಪ್ಪಿನ ಚೂರೊಂದು ಸಿಕ್ಕಿತು. “ಫ್ಯಾಕ್ಟರಿ ಗೋಡೆ ಸುಣ್ಣ ಉದುರುತ್ತೆ ಕಣವ್ವ” ಎಂದೆ. ಅವಳು ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಈಚೆ ತಿರುಗಿಸಿ, ಆಚೆ ತಿರುಗಿಸಿ ನೋಡಿದಳು. ನನ್ನ ಕಸುಬು ನನಗೆ ಎಲ್ಲಿಂದ ಬಂತು ಎಂದು ಅವತ್ತು ಗೊತ್ತಾಯಿತು. ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡು, “ಇನ್ನೊಂದ್ ಕಿತ ಮುಟ್ಟಕಿಲ್ಲ ಅಂತ ಆಣೆ ಮಾಡು” ಎಂದಳು. ಮಾಡಿದೆ. ತಾಯಿಯ ತಲೆ ಮುಟ್ಟಿ ಮಾಡಿದ ಆಣೆಯನ್ನು ಮೊಟ್ಟೆಯ ಬಿಳಿಗಾಗಿ ಮುರಿಯುವಷ್ಟು ಧೈರ್ಯ ನನಗಿರಲಿಲ್ಲ.

ಮೂರನೆಯ ತಿಂಗಳಿಗೆ ಕೂದಲು ಉದುರತೊಡಗಿತು. ಬಾಚಣಿಗೆಗೆ ಹಿಡಿ ಹಿಡಿ ಬರುತ್ತಿತ್ತು. ಮುಡಿ ಕೊಡುತ್ತೇವೆಂದು ಯಾರೂ ಹೇಳಿಕೊಂಡಿರಲಿಲ್ಲ, ದೇವರು ತಾನಾಗಿಯೇ ಕಂತಿನ ಮೇಲೆ ತೆಗೆದುಕೊಳ್ಳುತ್ತಿದ್ದ. ತೂಕ ಇಳಿದಿತ್ತು, ಅದರ ಜೊತೆ ಕಸುವೂ ಇಳಿದಿತ್ತು. ಒಂದು ದಿನ ಅಂಗೈಯಗಲದ ಗಿಯರ್ ಎತ್ತಲು ಹೋಗಿ, ಎತ್ತಲಾಗದೆ, ಕಣ್ಣು ಕತ್ತಲಿಟ್ಟು ಅಲ್ಲೇ ಮಾಲಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ರಕ್ತ ಪರೀಕ್ಷೆ ಮಾಡಿಸಿದಾಗ ಪ್ರೋಟೀನ್ ಬಹಳ ಕೆಳಗಿತ್ತು. ಡಾಕ್ಟರು ಈ ಸಲ ನಗಲಿಲ್ಲ. “ಒಂದು ತಿಂಗಳು ಟೈಮ್ ಕೊಡ್ತೀನಿ. ಇದು ಮೇಲೆ ಬರ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೊಂಡು ರಕ್ತನಾಳದಲ್ಲೇ ಕೊಡಬೇಕಾಗುತ್ತೆ. ತಮಾಷೆ ಅಲ್ಲ ಇದು” ಎಂದರು. ನನಗೆ ಭಯವಾಯಿತು. ಕತ್ತರಿಸುವಾಗ ಆಗದ ಭಯ ಆಗ ಆಯಿತು.

ಅವ್ವನಿಗೆ ಆದದ್ದು ಭಯವಲ್ಲ, ಅವಮಾನ. “ನನ್ ಕೈಯಿಂದ ಸಾರು ಕುಡ್ದೋರು ಯಾರೂ ಇಂಗಾಗಿಲ್ಲ” ಎಂದು ಬಸ್ಸಿನಲ್ಲಿ ಒಂದೇ ಸಮನೆ ಅಂದಳು. ಮಾರನೆಯ ದಿನದಿಂದ ತಿಳಿಯನ್ನು ಎರಡು ಹೊತ್ತಿನ ಬದಲು ಮೂರು ಹೊತ್ತು ಮಾಡಿದಳು. ನಾನು ನಾಲ್ಕು ಗುಟುಕಿಗೆ ತುಂಬಿಹೋಗಿ ಬಟ್ಟಲು ಕೆಳಗಿಟ್ಟರೆ ಅವಳ ಕಣ್ಣಲ್ಲಿ ನೀರು. ಒಂದು ವಾರ ಹೀಗೇ ಆದಮೇಲೆ, “ಆ ಉಡ್ಗಿಗೆ ತೋರುಸ್ತೀನಿ ನಡಿ. ಸತ್ವ ಅಂದ್ರೆ ಏನು ಅಂತ ಅವ್ಳೂ ಒಸಿ ಕುಡ್ದು ನೋಡ್ಲಿ” ಎಂದು ಸ್ಟೀಲಿನ ಡಬ್ಬಿಗೆ ಸಾರು ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಆಸ್ಪತ್ರೆಗೆ ಹೊರಟೇಬಿಟ್ಟಳು.

ಡಯೆಟಿಷಿಯನ್ ಡಬ್ಬಿ ತೆರೆದಳು. ಘಮಕ್ಕೆ ಕಣ್ಣು ಮುಚ್ಚಿದಳು. ಆಮೇಲೆ ಚಮಚವನ್ನು ತಳದ ತನಕ ಇಳಿಸಿ ಎರಡು ಸುತ್ತು ತಿರುಗಿಸಿದಳು. ಏನೂ ಸಿಗಲಿಲ್ಲ. “ಅಜ್ಜಿ, ಸಾರು ಭಾಳ ಚಲೋ ಆಗೈತಿ. ಕಾಳ ಎಲ್ಲಿ ಅದಾವು?”

“ಕಾಳ್ಯಾಕವ್ವ? ಸತ್ವ ಎಲ್ಲ ಇದಕ್ಕೇ ಬುಟ್ಟೈತಲ್ಲ. ಅದು ಬರೀ ಚರಟ.”

“ಆ ಚರಟ ಯಾರು ತಿಂತಾರ?”

“ನಾನು. ಇನ್ಯಾರು ತಿಂತಾರೆ?”

ಹುಡುಗಿ ನನ್ನ ಕಡೆ ತಿರುಗಿದಳು. “ಅಕ್ಕಾರ, ನೀವು ದಿನಾ ಕಾಳ ತಿಂತೀನಿ ಅಂತ ಬರದೀರಲ್ರೀ!” ಇಪ್ಪತ್ತು ವರ್ಷ ಅಳೆಯುವ ಕೆಲಸ ಮಾಡಿದವಳು, ಮೂರು ತಿಂಗಳು ಬಟ್ಟಲಿನ ಅಳತೆ ತೆಗೆದು ಕೊಟ್ಟಿದ್ದೆ. ಅವಳು ಅವ್ವನಿಗೆ ನಿಧಾನವಾಗಿ ಹೇಳಿದಳು, “ಪ್ರೋಟೀನ್ ಕಾಳಿನ್ಯಾಗ ಉಳೀತೈತಿ ಅಜ್ಜಿ. ನೀರಿಗೆ ಒಂದೀಟ ಹೋಕ್ಕೈತಿ, ಭಾಳ ಇಲ್ಲ. ನಿಮ್ಮ ಮಗಳ ಹೊಟ್ಟ್ಯಾಗ ಬರೇ ನೀರು ತುಂಬೇರಿ.”

ಅವ್ವ ಒಪ್ಪಲಿಲ್ಲ. “ಐವತ್ತೊರ್ಸದಿಂದ ಬಸೀತಿವ್ನಿ ಕಣವ್ವ ನಾನು. ನೀನು ಮೊನ್ನೆ ಉಟ್ಟಿದ್ದೀಯ.”

“ಹಂಗಾರ ಪಂದ್ಯಾ ಕಟ್ಟೋಣು” ಎಂದಳು ಆ ತುಂಟಿ. “ಐವತ್ತು ವರ್ಷ ಚರಟ ತಿಂದೀರಲ್ಲ, ನಿಮ್ಮ ರಕ್ತದಾಗ ಸತ್ವ ಇರಬಾರದು. ಹೌದಿಲ್ಲೋ? ರಕ್ತ ಕೊಟ್ಟ ಹೋಗ್ರಿ, ನೋಡೋಣು.”

ಸೂಜಿ ಕಂಡರೆ ದೇವರ ಹೆಸರು ಕೂಗುವ ಅವ್ವ ಅವತ್ತು ತಾನಾಗಿಯೇ ಸೀರೆಯ ಸೆರಗು ಸರಿಸಿ ತೋಳು ಚಾಚಿದಳು.

ಸಂಜೆ ಫೋನಿಗೆ ರಿಪೋರ್ಟು ಬಂತು. ಎಪ್ಪತ್ತು ವರ್ಷದ ಹೆಂಗಸು, ಪ್ರೋಟೀನ್ ಎಲ್ಲಿರಬೇಕೋ ಅಲ್ಲೇ, ಒಂದು ಗೆರೆ ಆಚೀಚೆ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. “ಅವ್ವಾ, ನೀನು ಫಸ್ಟ್ ಕ್ಲಾಸು ಕಣೆ! ನಮ್ಮನೇಲಿ ಗಟ್ಟಿಯಾಗಿರೋಳು ನೀನೊಬ್ಬಳೇ! ಅಷ್ಟು ವರ್ಷ ನಮಗೆ ನೀರು ಕುಡಿಸಿ ಸತ್ವ ಎಲ್ಲ ನೀನೇ ಹೊಡ್ದಿದ್ದೀಯಲ್ಲೇ ಕಳ್ಳಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವ್ವ ನಗಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. “ಅಂಗಾದ್ರೆ ನಾನೇ ತಿಂದ್ಬುಟ್ಟಿವ್ನಿ ಅನ್ನು” ಎಂದಳು. “ನಿಂದ್ನೂ. ನಿಮ್ಮಪ್ಪಂದ್ನೂ. ಆ ಎಂಟ್ ತಿಂಗ್ಳು...” ಎಂದು ಅಲ್ಲಿಗೇ ನಿಲ್ಲಿಸಿ, ಹಾಲು ಉಕ್ಕಿತೇನೋ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಕೊನೆಯ ದಿನಗಳಲ್ಲಿ ಅಪ್ಪನಿಗೂ ಅವಳು ಕೊಟ್ಟಿದ್ದು ಇದೇ ಸೋಸಿದ ತಿಳಿ. ಅಪ್ಪ ಕರಗಿ ಕಡ್ಡಿಯಾಗಿ ಹೋಗಿದ್ದ. ನಾನು ಹೀಗೆ ನಗಬಾರದಿತ್ತು.

ಆ ತಿಂಗಳು ಅವ್ವ ಬೇರೆಯೇ ಹೆಂಗಸಾದಳು. ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ದೇವರ ಗೂಡಿನಲ್ಲಿಟ್ಟು, “ಅರಕೆ ವಾಪಸ್ ತಗೊಂಡಿವ್ನಿ, ಮಗ್ಳು ಬದುಕ್ಕೊಳ್ಳಿ, ಕೋಪ ಮಾಡ್ಕೋಬ್ಯಾಡ” ಎಂದು ಗದರಿಸುವ ದನಿಯಲ್ಲೇ ಕೈಮುಗಿದಳು. ಅವತ್ತೇ ಮನೆಗೆ ಮೊಟ್ಟೆ ಬಂತು. ಹೊಸ ಪುಡಿ ಡಬ್ಬಿ ಬಂತು, ಅದರ ಮೇಲಿನ ಬರಿಮೈಯವನನ್ನು ಈ ಸಲ ಗೋಡೆಗೆ ತಿರುಗಿಸಲಿಲ್ಲ. ಮೂರನೇ ಮನೆಯ ಅಕ್ಕ ಬಂದು ಕೂತರೆ, “ಕಾಫಿಪುಡಿ ಮುಗ್ದೈತೆ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದಳು. ನನಗೆ ಕಾಳನ್ನು ಮೆತ್ತಗೆ ಬೇಯಿಸಿ, ಕಿವುಚಿ, ಚಮಚ ಚಮಚವಾಗಿ ತಿನ್ನಿಸಿದಳು. ನಾನು ಅಗಿಯುವುದನ್ನು ಎದುರಿಗೆ ಕೂತು ಎಣಿಸುತ್ತಿದ್ದಳು. ಇಪ್ಪತ್ತೆಂಟಕ್ಕೆ ನುಂಗಿದರೆ “ಇನ್ನೆರ್ಡು” ಎನ್ನುತ್ತಿದ್ದಳು.

ಆದರೆ ಬಸ್ಸಾರು ಮಾಡುವುದನ್ನೇ ಬಿಟ್ಟಳು. ಬಸಿಯುವ ತಟ್ಟೆ ತೊಳೆದು ಅಟ್ಟಕ್ಕೆ ಹಾಕಿದಳು. ಅವಳು ಮುದ್ದೆಗೆ ಬರೀ ಖಾರದ ನೀರು ಹಾಕಿಕೊಂಡು ನುಂಗುವುದನ್ನು ನೋಡಿ ನನ್ನ ಬಟ್ಟಲಿನ ಕಾಳನ್ನು ಅವಳ ತಟ್ಟೆಗೆ ಹಾಕಲು ಹೋದರೆ, ತಟ್ಟೆಯನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

“ನಿಂಗೂ ಬೇಕು ಕಣವ್ವ.”

“ನಂಗ್ ಜಾಸ್ತಿ ಐತೆ ಅಂತ ರಿಪೋಲ್ಟೇ ಏಳ್ತದಲ್ಲ.”

“ಜಾಸ್ತಿ ಅಲ್ಲ, ಸರಿಯಾಗಿದೆ. ತಿನ್ನದಿದ್ರೆ ಇಳಿಯುತ್ತೆ.”

“ಇಳೀಲಿ ಬುಡು. ಸುಮ್ಕೆ ತಿಂದು ಕೂಡಿಟ್ಟಿವ್ನಲ್ಲ.”

ನಾನು ಊಟವನ್ನೇ ಬಿಟ್ಟು ಕೂತೆ. ಅರ್ಧ ಗಂಟೆ ಇಬ್ಬರೂ ತಟ್ಟೆಯ ಮುಂದೆ ಮುಖ ಊದಿಸಿಕೊಂಡಿದ್ದೆವು. ಕೊನೆಗೆ ನಾನು ಒಂದು ಚಮಚ ತಿಂದರೆ ತಾನೂ ಒಂದು ಚಮಚ ತಿನ್ನುವುದೆಂದು ರಾಜಿಯಾಯಿತು. ಅವಳ ಚಮಚ ಯಾವಾಗಲೂ ಅರ್ಧ ಖಾಲಿ ಇರುತ್ತಿತ್ತು, ನಾನು ಅದನ್ನು ತುಂಬಿಸಿ ಕೊಡುತ್ತಿದ್ದೆ.

ತಿಂಗಳು ಮುಗಿದು ಮತ್ತೆ ರಕ್ತ ಕೊಟ್ಟೆ. ರಿಪೋರ್ಟು ನೋಡಿ ಡಾಕ್ಟರು “ವೆರಿ ಗುಡ್” ಎಂದರು. ಪ್ರೋಟೀನ್ ಗೆರೆ ದಾಟಿ ಮೇಲೆ ಬಂದಿತ್ತು. ಅಡ್ಮಿಟ್ ಆಗುವುದು ತಪ್ಪಿತು. ನನಗೆ ಆಸ್ಪತ್ರೆಯ ಕಾರಿಡಾರಿನಲ್ಲೇ ಕುಣಿಯಬೇಕು ಅನ್ನಿಸಿತು. ಅವ್ವ ಡಾಕ್ಟರಿಗೆ ಕೈಮುಗಿದಳು, ಏನೂ ಕೇಳಲಿಲ್ಲ. ನಾನು ಬಿಲ್ಲು ಕಟ್ಟಿ ಬರುವಷ್ಟರಲ್ಲಿ ಅವಳು ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಡಯೆಟಿಷಿಯನ್ನಿನ ಕೋಣೆಯಿಂದ ಹೊರಗೆ ಬರುತ್ತಿದ್ದಳು. “ಥ್ಯಾಂಕ್ಸ್ ಏಳಿ ಬಂದೆ” ಎಂದಳು. ಆ ಹುಡುಗಿಗೂ ಅವಳಿಗೂ ಈಗ ಸ್ನೇಹವಾಗಿದೆ ಎಂದು ನನಗೆ ಖುಷಿಯೇ ಆಯಿತು.

ಮುಂದಿನ ಭಾನುವಾರ ಬೆಳಗ್ಗೆ ನಾನು ಮೊಟ್ಟೆ ಸುಲಿಯುತ್ತಾ ಕೂತಿದ್ದೆ. ಅವ್ವ ಬೀರುವಿನಿಂದ ಒಂದು ದಪ್ಪ ಫೈಲು ತಂದು ನನ್ನ ಮುಂದೆ ಇಟ್ಟಳು. ಅಪ್ಪನ ಆಸ್ಪತ್ರೆಯ ಕಾಗದಗಳು. ಆರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ ಎಂದುಕೊಂಡಿದ್ದೆ.

“ಇದ್ರಾಗೂ ಅದು ಬರ್ದಿರ್ತಾರಾ? ಆ ಸತ್ವದ್ದು?”

ಕೈ ಒರೆಸಿಕೊಂಡು ಹಾಳೆ ತಿರುವಿದೆ. ಬರೆದಿತ್ತು. ಪ್ರತಿ ಪರೀಕ್ಷೆಯಲ್ಲೂ ಬರೆದಿತ್ತು, ಪ್ರತಿ ಸಲವೂ ಕಡಿಮೆ, ಒಂದಕ್ಕಿಂತ ಒಂದು ಕಡಿಮೆ. ಆ ಕಾಯಿಲೆಯೇ ಮನುಷ್ಯನನ್ನು ಹಾಗೆ ಕರಗಿಸುತ್ತದೆ ಎಂದು ನನಗೆ ಗೊತ್ತು. ಕಾಳು ತಿಂದಿದ್ದರೆ ಅಪ್ಪ ಇನ್ನೊಂದು ವಾರ ಹೆಚ್ಚು ಬದುಕುತ್ತಿದ್ದನೋ, ಒಂದು ದಿನವೂ ಬದುಕುತ್ತಿರಲಿಲ್ಲವೋ, ಅದು ನನಗೆ ಗೊತ್ತಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಒಮ್ಮೆ ಒಂದೇ ಪದದಲ್ಲಿ ಹೇಳಲು ಹೋಗಿ ಏನಾಯಿತು ಎಂದು ನೋಡಿದ್ದೆ.

“ಸರಿಯಾಗೇ ಇದೆ ಕಣವ್ವ” ಎಂದೆ. “ಅಪ್ಪಂಗೆ ಅದೇನೂ ಕಮ್ಮಿ ಇರ್ಲಿಲ್ಲ.”

“ಯಾವ್ದು? ಬೊಟ್ಟಿಟ್ಟು ತೋರ್ಸು.”

ಅವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಬಸ್ಸಿನ ನಂಬರು ನೋಡಿಯೇ ಅವಳು ಬೆಂಗಳೂರೆಲ್ಲ ಸುತ್ತಿದವಳು. ಪಕ್ಕದಲ್ಲಿ ಎಷ್ಟಿರಬೇಕು ಎಂದು ಅಚ್ಚು ಹಾಕಿರುವುದನ್ನು ಹೋಲಿಸಿ ನೋಡಿದರೆ ನನ್ನ ಬಣ್ಣ ಬಯಲು. ಬೆರಳನ್ನು ಎರಡು ಸಾಲು ಕೆಳಗೆ ಇಳಿಸಿ, ಉಪ್ಪಿನಂಶವೋ ಏನೋ ಸರಿಯಾಗಿದ್ದ ಒಂದು ಅಂಕಿಯ ಮೇಲೆ ಇಟ್ಟೆ. “ಇದು” ಎಂದೆ.

ಅವ್ವ ಬಗ್ಗಿ ತುಂಬ ಹೊತ್ತು ನೋಡಿದಳು. ಅಂಕಿಯನ್ನು ನೋಡಿದಳು, ಪಕ್ಕದ ಅಚ್ಚನ್ನು ನೋಡಿದಳು. ಆಮೇಲೆ ನನ್ನ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಫೈಲು ಮುಚ್ಚಿದಳು.

“ಮೊನ್ನೆ ನೀನು ಬಿಲ್ ಕಟ್ಟಕ್ ಓದಾಗ ಆ ಉಡ್ಗಿಗೂ ಇದ್ನ ತೋರುಸ್ದೆ” ಎಂದಳು. “ಅವ್ಳೂ ನಿನ್ನಂಗೇ, ಸರಿಯಾಗೈತೆ ಅಜ್ಜಿ ಅಂದ್ಲು.”

ನಾನು ಹೂಂ ಎಂದೆ.

“ಅವ್ಳು ಬೊಟ್ಟಿಟ್ಟಿದ್ದು ಇನ್ನೊಂದ್ ಸಾಲು ಕಣೆ.”